ಅಣ್ಣನೆಂದು ಬರುವ ನಾಯಕ, ಪಾಲು ಕೇಳುವ ಅಕ್ಕತಂಗಿಯರು

ಧಾರವಾಡ ಲೋಕಸಭಾ ಕ್ಷೇತ್ರದಿಂದ ಮಹಿಳೆಯೊಬ್ಬರು ಕೊನೆಯ ಬಾರಿಗೆ ಆರಿಸಿ ಬಂದದ್ದು 1977ರಲ್ಲಿ. ಆಗ ಧಾರವಾಡ ಉತ್ತರ ಎಂಬ ಹೆಸರಿದ್ದ ಈ ಕ್ಷೇತ್ರವನ್ನು 1962ರಿಂದ ಸತತವಾಗಿ ನಾಲ್ಕು ಸಲ ಗೆದ್ದ ಸರೋಜಿನಿ ಮಹಿಷಿಯವರು ಕರ್ನಾಟಕದ ಮೊದಲ ಮಹಿಳಾ ಸಂಸದೆ ಎಂದು ಹೆಸರಾದವರು. ಅವರ ಅವಧಿ ಮುಗಿದು ನಾಲ್ಕು ದಶಕ ದಾಟಿದರೂ ಧಾರವಾಡದಿಂದಾಗಲಿ, ಗದಗ ಪಟ್ಟಣವನ್ನೂ ಒಳಗೊಂಡ ಹಾವೇರಿ ಕ್ಷೇತ್ರದಿಂದಾಗಲಿ ಇನ್ನೊಬ್ಬ ಮಹಿಳೆ ಲೋಕಸಭೆಗೆ ಹೋಗಿಲ್ಲ. ಆದರೆ ಇದೇ ಊರುಗಳ ಚುನಾವಣಾ ಸಭೆಗಳಲ್ಲಿ ಮುಂದಿನ ಸಾಲಿನ ಕುರ್ಚಿಗಳು ಸ್ತ್ರೀಶಕ್ತಿ ಸಂಘದ ಸದಸ್ಯೆಯರಿಗೆ ಮೀಸಲು. ಭಾಷಣ ಶುರುವಾಗುವುದೇ ಅಕ್ಕಂದಿರು, ತಾಯಂದಿರು ಎಂಬ ಸಂಬೋಧನೆಯಿಂದ. ಯಾವ ಪಕ್ಷದ ಪ್ರಣಾಳಿಕೆಯಲ್ಲೂ ಮಹಿಳೆಯರ ಖಾತೆಗೆ ಹಣ, ಗ್ಯಾಸ್, ಬಸ್ಸು, ಮೀಸಲಾತಿ ಇವುಗಳಲ್ಲಿ ಒಂದಾದರೂ ಇಲ್ಲದಿರುವುದಿಲ್ಲ.

ಮಹಿಳೆಯರ ಮತಕ್ಕೆ ಇಷ್ಟು ಬೆಲೆ ಬಂದ ಕಾಲದಲ್ಲಿಯೇ, ಹಲವು ದೇಶಗಳಲ್ಲಿ ಮಹಿಳಾ ಚಳವಳಿಗಳು ಜನಪ್ರಿಯ ನಾಯಕರ ವಿರುದ್ಧ ಬೀದಿಗಿಳಿದಿರುವ ಸುದ್ದಿಯೂ ಬರುತ್ತಿದೆ. ಮಹಿಳೆಯರ ಮಾತನ್ನೇ ಆಡುವ ನಾಯಕನನ್ನು ಮಹಿಳಾ ಚಳವಳಿ ಏಕೆ ಅನುಮಾನದಿಂದ ನೋಡುತ್ತದೆ, ನೋಡಿದ ಮೇಲೆ ಏನು ಮಾಡುತ್ತದೆ, ಮಾಡಿದ್ದರಿಂದ ಏನಾಗಿದೆ ಎಂಬುದನ್ನು ಈ ಲೇಖನ ಬಿಡಿಸಿ ಹೇಳುತ್ತದೆ.

ಮೊದಲು ಮೂರು ಪರಿಕಲ್ಪನೆಗಳು

ಪಾಪ್ಯುಲಿಸಂ ಎಂದರೆ ಪುಕ್ಕಟೆ ಯೋಜನೆಗಳ ರಾಜಕಾರಣ ಎಂಬ ಅರ್ಥದಲ್ಲಿ ನಮ್ಮ ಪತ್ರಿಕೆಗಳು ಬರೆಯುವುದುಂಟು. ರಾಜ್ಯಶಾಸ್ತ್ರದಲ್ಲಿ ಅದರ ಅರ್ಥ ಬೇರೆ. ಸಮಾಜವನ್ನು ಎರಡು ಪಾಲು ಮಾಡಿ, ಒಂದು ಕಡೆ ಶುದ್ಧರಾದ ಸಾಮಾನ್ಯ ಜನ, ಇನ್ನೊಂದು ಕಡೆ ಭ್ರಷ್ಟರಾದ ಮೇಲ್ವರ್ಗದವರು ಎಂದು ತೋರಿಸಿ, ಆ ಜನರ ನಿಜವಾದ ದನಿ ತಾನೊಬ್ಬನೇ ಎಂದು ನಾಯಕ ಹೇಳಿಕೊಳ್ಳುವ ರೀತಿಯೇ ಪಾಪ್ಯುಲಿಸಂ. ಡಚ್ ವಿದ್ವಾಂಸ ಕಾಸ್ ಮುಡ್ ಅವರು 2004ರಲ್ಲಿ ಕೊಟ್ಟ ವ್ಯಾಖ್ಯಾನದ ತಿರುಳು ಇದು. ಇದಕ್ಕೆ ಎಡಪಂಥ ಬಲಪಂಥವೆಂಬ ಭೇದವಿಲ್ಲ. ಎರಡೂ ಕಡೆ ಇಂಥ ನಾಯಕರು ಬಂದುಹೋಗಿದ್ದಾರೆ. ನ್ಯಾಯಾಲಯ, ಪತ್ರಿಕೆ, ವಿಶ್ವವಿದ್ಯಾಲಯ, ಸ್ವಯಂಸೇವಾ ಸಂಸ್ಥೆಗಳು ನಾಯಕನಿಗೂ ಜನರಿಗೂ ನಡುವೆ ಬಂದಾಗ ಅವು ಜನವಿರೋಧಿಗಳಂತೆ ಕಾಣತೊಡಗುವುದು ಈ ರಾಜಕಾರಣದ ಗುರುತು.

ಪಿತೃಪ್ರಧಾನ ವ್ಯವಸ್ಥೆ ಎಂದರೆ ಮನೆ, ಆಸ್ತಿ, ಧಾರ್ಮಿಕ ಅಧಿಕಾರ, ಆಡಳಿತ ಇವುಗಳಲ್ಲಿ ಕೊನೆಯ ಮಾತು ಗಂಡಸಿನದು ಎಂದು ಒಪ್ಪಿಕೊಂಡ ಏರ್ಪಾಡು. ಗಂಡಸರೆಲ್ಲ ಕೆಟ್ಟವರು ಎಂಬ ಆರೋಪ ಇದರೊಳಗಿಲ್ಲ. ಒಳ್ಳೆಯ ಅಪ್ಪ, ಅಕ್ಕರೆಯ ಅಣ್ಣ ಇರುವ ಮನೆಯಲ್ಲೂ ಈ ಏರ್ಪಾಡು ನಡೆಯುತ್ತದೆ. ಅತ್ತೆಯೇ ಅದನ್ನು ನಡೆಸುವುದೂ ಉಂಟು. ಇದನ್ನು ಪ್ರಶ್ನಿಸಿ, ಹೆಣ್ಣಿಗೂ ನಿರ್ಧಾರದಲ್ಲಿ ಸಮಪಾಲು ಬೇಕು ಎನ್ನುವ ವಿಚಾರವೇ ಸ್ತ್ರೀವಾದ. ಅದು ಸಂಘಟಿತವಾಗಿ ಕೆಲಸಕ್ಕಿಳಿದಾಗ ಮಹಿಳಾ ಚಳವಳಿ ಎನ್ನಿಸಿಕೊಳ್ಳುತ್ತದೆ.

ನಾಯಕ ಮನೆಯ ಹಿರಿಯನಾಗುವ ಬಗೆ

ಪಾಪ್ಯುಲಿಸ್ಟ್ ನಾಯಕ ಮಹಿಳೆಯರನ್ನು ನೇರವಾಗಿ ವಿರೋಧಿಸುವುದು ಅಪರೂಪ. ಮತದಾರರಲ್ಲಿ ಅರ್ಧ ಭಾಗವನ್ನು ಎದುರುಹಾಕಿಕೊಂಡು ಯಾರೂ ಗೆಲ್ಲಲಾರರು. ಅವನು ಮಾಡುವುದು ಸಂಬಂಧ ಬೆಳೆಸುವ ಕೆಲಸ. ಇಡೀ ನಾಡನ್ನು ಒಂದು ಕುಟುಂಬವೆಂದು ಕರೆದು, ಅದರಲ್ಲಿ ತಾನು ಅಣ್ಣನೋ, ಮಾವನೋ, ತಂದೆಯೋ ಆಗುತ್ತಾನೆ. ಮಧ್ಯಪ್ರದೇಶದ ಮುಖ್ಯಮಂತ್ರಿಯಾಗಿದ್ದ ಶಿವರಾಜ್ ಸಿಂಗ್ ಚೌಹಾಣರು ಮಾಮಾ ಎಂದೇ ಪ್ರಸಿದ್ಧರಾದರು; ಜಯಲಲಿತಾ ತಮಿಳುನಾಡಿಗೆ ಅಮ್ಮನಾದರು. ಕುಟುಂಬವೆಂದ ಮೇಲೆ ಅಲ್ಲಿ ಅಕ್ಕರೆ ಇರುತ್ತದೆ, ಉಡುಗೊರೆ ಇರುತ್ತದೆ, ರಕ್ಷಣೆ ಇರುತ್ತದೆ. ಎದುರುಮಾತು ಮಾತ್ರ ಕೃತಘ್ನತೆಯಾಗುತ್ತದೆ.

ನಮ್ಮ ಕಡೆಯ ಪಂಚಮಿ ಹಬ್ಬವನ್ನು ನೆನೆದರೆ ಈ ವಿಷಯ ಸುಲಭವಾಗಿ ತಿಳಿಯುತ್ತದೆ. ತವರಿಗೆ ಬಂದ ತಂಗಿಗೆ ಅಣ್ಣ ಸೀರೆ ತರುತ್ತಾನೆ, ಜೋಕಾಲಿ ಕಟ್ಟಿಸುತ್ತಾನೆ, ಉಂಡಿ ಕಟ್ಟಿಸಿ ಕಳುಹಿಸುತ್ತಾನೆ. ಅವನ ಪ್ರೀತಿಯಲ್ಲಿ ಕಪಟವಿಲ್ಲ. ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ತನ್ನ ಹೆಸರೂ ಸೇರಲಿ ಎಂದು ಅದೇ ತಂಗಿ ಕೇಳಿದ ದಿನ ಮಾತ್ರ ಮನೆಯ ಗಾಳಿ ಬದಲಾಗುತ್ತದೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲಿಯೇ ಮಾಡಿತು, ಕೇಂದ್ರ 2005ರಲ್ಲಿ ಮಾಡಿತು. ಆದರೂ ಉಪನೋಂದಣಿ ಕಚೇರಿಗಳಲ್ಲಿ ಅಕ್ಕತಂಗಿಯರು ಸಾಲಾಗಿ ಕುಳಿತು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವುದು ಇಂದಿಗೂ ಸಾಮಾನ್ಯ ನೋಟ. ತವರಿನ ಬಾಗಿಲು ಮುಚ್ಚಬಾರದು ಎಂಬ ಒಂದೇ ಕಾರಣಕ್ಕೆ ಸಹಿ ಹಾಕುವವರು ಅವರಲ್ಲಿ ಅನೇಕರು. ರಾಜಕಾರಣದಲ್ಲಿಯೂ ನಾಯಕನ ಉಡುಗೊರೆಗೂ ನಾಗರಿಕಳ ಪಾಲಿಗೂ ಇರುವ ಅಂತರ ಇದೇ. ಮಹಿಳಾ ಚಳವಳಿಯ ತಕರಾರು ಸೀರೆಯ ಮೇಲಲ್ಲ, ಉತಾರದ ಮೇಲೆ.

ಈ ಸಂಬಂಧ ಗಟ್ಟಿಯಾದ ಮೇಲೆ ಕಾಯ್ದೆಗಳ ಸರದಿ ಬರುತ್ತದೆ. ಹಂಗೆರಿಯಲ್ಲಿ ವಿಕ್ಟರ್ ಓರ್ಬಾನ್ ಸರ್ಕಾರವು 2018ರಲ್ಲಿ ಲಿಂಗ ಅಧ್ಯಯನದ ಪದವಿ ಕೋರ್ಸುಗಳಿಗೆ ಕೊಟ್ಟಿದ್ದ ಮಾನ್ಯತೆಯನ್ನು ಹಿಂತೆಗೆದುಕೊಂಡಿತು. 2020ರಿಂದ ನಾಲ್ಕು ಅಥವಾ ಹೆಚ್ಚು ಮಕ್ಕಳ ತಾಯಂದಿರಿಗೆ ಆದಾಯ ತೆರಿಗೆಯಿಂದ ವಿನಾಯಿತಿ ಕೊಟ್ಟಿತು. ಮೇಲ್ನೋಟಕ್ಕೆ ಒಂದು ಕಡಿತ, ಇನ್ನೊಂದು ಸೌಲಭ್ಯ. ಒಟ್ಟಿಗೆ ಓದಿದಾಗ, ಹೆಣ್ಣಿನ ಸ್ಥಾನದ ಬಗ್ಗೆ ಪ್ರಶ್ನೆ ಕೇಳುವ ವಿದ್ಯೆಗೆ ನೆರವಿಲ್ಲ, ತಾಯ್ತನಕ್ಕೆ ಬಹುಮಾನವಿದೆ ಎಂಬ ಒಂದೇ ನೀತಿ ಕಾಣುತ್ತದೆ.

ತುರ್ಕಿಯದು ಇನ್ನೂ ಸ್ಪಷ್ಟವಾದ ಉದಾಹರಣೆ. ಮಹಿಳೆಯರ ಮೇಲಿನ ಹಿಂಸೆಯನ್ನು ತಡೆಯುವ ಯುರೋಪಿನ ಒಪ್ಪಂದಕ್ಕೆ 2011ರಲ್ಲಿ ಸಹಿ ಬಿದ್ದದ್ದು ಇಸ್ತಾಂಬುಲ್ ನಗರದಲ್ಲಿ. 2012ರಲ್ಲಿ ಅದನ್ನು ಮೊದಲು ಅನುಮೋದಿಸಿದ ದೇಶವೂ ತುರ್ಕಿಯೇ. 2021ರ ಮಾರ್ಚ್‌ನಲ್ಲಿ ಅಧ್ಯಕ್ಷ ಎರ್ಡೋಗನ್ ಅವರ ಒಂದೇ ಆದೇಶದಿಂದ, ಸಂಸತ್ತಿನಲ್ಲಿ ಚರ್ಚೆಯಿಲ್ಲದೆ, ದೇಶವು ಅದರಿಂದ ಹೊರಬಂದಿತು. ಒಪ್ಪಂದವು ಕುಟುಂಬದ ಮೌಲ್ಯಗಳಿಗೆ ಹೊಂದುವುದಿಲ್ಲ ಎಂಬುದು ಸರ್ಕಾರ ಕೊಟ್ಟ ಕಾರಣಗಳಲ್ಲಿ ಒಂದು. ಮಹಿಳೆಯರ ಕೊಲೆಗಳ ಲೆಕ್ಕವನ್ನು ತಿಂಗಳು ತಿಂಗಳೂ ಪ್ರಕಟಿಸುತ್ತಿದ್ದ ಮಹಿಳಾ ವೇದಿಕೆಯೊಂದನ್ನು ಮುಚ್ಚಿಸಬೇಕೆಂದು ಮೊಕದ್ದಮೆಯೂ ಹೂಡಲಾಯಿತು. 2023ರಲ್ಲಿ ನ್ಯಾಯಾಲಯ ಅದನ್ನು ವಜಾ ಮಾಡಿತು. ಲೆಕ್ಕವಿಡುವುದೇ ಅಲ್ಲಿ ಚಳವಳಿಯ ಮುಖ್ಯ ಕೆಲಸವಾಗಿತ್ತು ಎಂಬುದನ್ನು ಗಮನಿಸಬೇಕು.

ಪೋಲೆಂಡ್: ಏಳು ವರ್ಷಗಳ ಒಂದು ಹೋರಾಟ

ಮಹಿಳಾ ಚಳವಳಿ ಇಂಥ ಆಡಳಿತವನ್ನು ಎದುರಿಸಿದ ರೀತಿಯನ್ನು ಪೂರ್ತಿಯಾಗಿ ನೋಡಬೇಕೆಂದರೆ ಪೋಲೆಂಡಿನ ಕಥೆ ಓದಬೇಕು, ಏಕೆಂದರೆ ಅದರಲ್ಲಿ ಗೆಲುವು, ಸೋಲು, ಅರ್ಧಗೆಲುವು ಮೂರೂ ಇವೆ. ಅಲ್ಲಿ 1993ರ ಕಾನೂನಿನಂತೆ ಮೂರು ಸಂದರ್ಭಗಳಲ್ಲಿ ಮಾತ್ರ ಗರ್ಭಪಾತಕ್ಕೆ ಅನುಮತಿ ಇತ್ತು: ತಾಯಿಯ ಜೀವಕ್ಕೆ ಅಥವಾ ಆರೋಗ್ಯಕ್ಕೆ ಅಪಾಯವಿದ್ದಾಗ, ಗರ್ಭವು ಅತ್ಯಾಚಾರದಂಥ ಅಪರಾಧದಿಂದ ಆದಾಗ, ಭ್ರೂಣದಲ್ಲಿ ಗಂಭೀರ ದೋಷವಿದ್ದಾಗ. 2015ರಲ್ಲಿ ಕಾನೂನು ಮತ್ತು ನ್ಯಾಯ ಪಕ್ಷ ಅಧಿಕಾರಕ್ಕೆ ಬಂದ ಮೇಲೆ, ಬಹುತೇಕ ಪೂರ್ಣ ನಿಷೇಧ ಹೇರುವ ಮಸೂದೆಯೊಂದು 2016ರಲ್ಲಿ ಸಂಸತ್ತಿನ ಮುಂದೆ ಬಂದಿತು.

ಅದೇ ವರ್ಷದ ಅಕ್ಟೋಬರ್ 3, ಸೋಮವಾರ, ಮಹಿಳೆಯರು ಕಪ್ಪು ಬಟ್ಟೆ ಉಟ್ಟು ಕೆಲಸ ಬಿಟ್ಟು ಬೀದಿಗೆ ಬಂದರು. ಮಳೆ ಸುರಿಯುತ್ತಿದ್ದುದರಿಂದ ಮೇಲಿನಿಂದ ತೆಗೆದ ಚಿತ್ರಗಳಲ್ಲಿ ಕೊಡೆಗಳಷ್ಟೇ ಕಾಣುತ್ತವೆ. ಮುಂದೆ ಕೊಡೆಯೇ ಚಳವಳಿಯ ಚಿಹ್ನೆಯಾಯಿತು. ಹೆಂಗಸರು ಒಂದು ದಿನ ಕೆಲಸ ನಿಲ್ಲಿಸಿದರೆ ದೇಶವೇ ನಿಲ್ಲುತ್ತದೆ ಎಂಬ ಉಪಾಯವನ್ನು ಅವರು ಪಡೆದದ್ದು 1975ರ ಅಕ್ಟೋಬರ್ 24ರಂದು ಐಸ್‌ಲ್ಯಾಂಡಿನ ಮಹಿಳೆಯರು ಮಾಡಿದ ಮುಷ್ಕರದಿಂದ. ಮೂರೇ ದಿನಗಳಲ್ಲಿ, ಅಕ್ಟೋಬರ್ 6ರಂದು, ಆಳುವ ಪಕ್ಷದವರೂ ಸೇರಿ ಆ ಮಸೂದೆಯನ್ನು ತಿರಸ್ಕರಿಸಿದರು.

ಆದರೆ ಸಂಸತ್ತಿನಲ್ಲಿ ಆಗದ್ದು ನ್ಯಾಯಪೀಠದಿಂದ ಆಯಿತು. ಸರ್ಕಾರ ತನ್ನ ಒಲವಿನವರನ್ನು ತುಂಬಿದೆ ಎಂಬ ಟೀಕೆಗೆ ಗುರಿಯಾಗಿದ್ದ ಸಾಂವಿಧಾನಿಕ ನ್ಯಾಯಮಂಡಳಿಯು 2020ರ ಅಕ್ಟೋಬರ್ 22ರಂದು, ಭ್ರೂಣದೋಷದ ಕಾರಣಕ್ಕೆ ಗರ್ಭಪಾತ ಮಾಡುವುದು ಸಂವಿಧಾನಬಾಹಿರ ಎಂದು ತೀರ್ಪು ಕೊಟ್ಟಿತು. ದೇಶದಲ್ಲಿ ಕಾನೂನುಬದ್ಧವಾಗಿ ನಡೆಯುತ್ತಿದ್ದ ಗರ್ಭಪಾತಗಳಲ್ಲಿ ಶೇ. 90ಕ್ಕಿಂತ ಹೆಚ್ಚು ಆ ಒಂದೇ ಕಾರಣದ ಅಡಿಯಲ್ಲಿ ಆಗುತ್ತಿದ್ದವು. ಕೊರೊನಾ ನಿರ್ಬಂಧಗಳ ನಡುವೆಯೂ ಕೆಂಪು ಮಿಂಚಿನ ಗುರುತು ಹಿಡಿದ ಲಕ್ಷಾಂತರ ಜನ ಬೀದಿಗೆ ಬಂದರು, ಸಣ್ಣ ಪಟ್ಟಣಗಳಲ್ಲಿ ಸಹ. ಈ ಸಲ ಸರ್ಕಾರ ಬಗ್ಗಲಿಲ್ಲ. 2021ರ ಜನವರಿ 27ರಂದು ತೀರ್ಪು ಜಾರಿಗೆ ಬಂದಿತು.

2023ರ ಅಕ್ಟೋಬರ್ ಚುನಾವಣೆಯಲ್ಲಿ ಸುಮಾರು ಶೇ. 74ರಷ್ಟು ದಾಖಲೆಯ ಮತದಾನವಾಗಿ, ಯುವಜನರೂ ಮಹಿಳೆಯರೂ ದೊಡ್ಡ ಸಂಖ್ಯೆಯಲ್ಲಿ ಬಂದು, ಆಳುವ ಪಕ್ಷ ಬಹುಮತ ಕಳೆದುಕೊಂಡಿತು. ಕಥೆ ಇಲ್ಲಿ ಮುಗಿದಿದ್ದರೆ ಬರೆಯಲು ಚೆನ್ನಾಗಿರುತ್ತಿತ್ತು. ಹೊಸ ಸರ್ಕಾರದ ಕಾಲದಲ್ಲಿ, 2024ರ ಜುಲೈನಲ್ಲಿ, ಗರ್ಭಪಾತಕ್ಕೆ ನೆರವಾದವರಿಗೆ ಶಿಕ್ಷೆ ಇರಬಾರದು ಎಂಬ ಮಸೂದೆಯೊಂದು 215ಕ್ಕೆ 218 ಮತಗಳಿಂದ ಬಿದ್ದುಹೋಯಿತು. ಮೈತ್ರಿಕೂಟದ ಒಳಗಿನವರೇ ಕೆಲವರು ವಿರೋಧಿಸಿದ್ದರು. ನಾಯಕನನ್ನು ಇಳಿಸುವುದು ಒಂದು ಕೆಲಸ, ಅವನು ಬಿಟ್ಟುಹೋದ ಕಾನೂನನ್ನು ಬದಲಿಸುವುದು ಬೇರೊಂದು ಕೆಲಸ ಎಂಬುದು ಪೋಲೆಂಡಿನ ಮಹಿಳೆಯರಿಗೆ ಆಗ ಅರಿವಾಯಿತು.

ಬೇರೆ ದೇಶಗಳಲ್ಲಿ

ಅಮೆರಿಕದಲ್ಲಿ ಡೊನಾಲ್ಡ್ ಟ್ರಂಪ್ ಮೊದಲ ಸಲ ಅಧಿಕಾರ ವಹಿಸಿಕೊಂಡ ಮರುದಿನ, 2017ರ ಜನವರಿ 21ರಂದು, ದೇಶದ ಉದ್ದಗಲಕ್ಕೂ ಲಕ್ಷಗಟ್ಟಲೆ ಮಹಿಳೆಯರು ಮೆರವಣಿಗೆ ನಡೆಸಿದರು. ಮೆರವಣಿಗೆಯಿಂದ ನೀತಿ ಬದಲಾಗಲಿಲ್ಲ, ಆದರೆ ಅದರಲ್ಲಿ ನಡೆದವರಲ್ಲಿ ಅನೇಕರು ಸ್ಥಳೀಯ ಚುನಾವಣೆಗಳಿಗೆ ನಿಂತರು, ಪ್ರಚಾರಕ್ಕೆ ದುಡಿದರು. 2018ರಲ್ಲಿ ಕೆಳಮನೆಗೆ ಆರಿಸಿ ಬಂದ ಮಹಿಳೆಯರು 100ಕ್ಕಿಂತ ಹೆಚ್ಚು. ಟ್ರಂಪ್ ನೇಮಿಸಿದ ಮೂವರು ನ್ಯಾಯಮೂರ್ತಿಗಳಿದ್ದ ಸುಪ್ರೀಂ ಕೋರ್ಟ್ 2022ರ ಜೂನ್‌ನಲ್ಲಿ ಗರ್ಭಪಾತದ ಸಾಂವಿಧಾನಿಕ ಹಕ್ಕನ್ನು ತೆಗೆದುಹಾಕಿದಾಗ ಹೋರಾಟ ರಾಜ್ಯಗಳಿಗೆ ಇಳಿಯಿತು. ಸಂಪ್ರದಾಯವಾದಿಗಳ ಕೋಟೆಯೆನಿಸಿದ ಕ್ಯಾನ್ಸಸ್ ರಾಜ್ಯದಲ್ಲಿಯೇ ಆ ಆಗಸ್ಟ್‌ನ ಜನಮತಗಣನೆಯಲ್ಲಿ ಸುಮಾರು ಶೇ. 59 ಮಂದಿ ಹಕ್ಕಿನ ಪರವಾಗಿ ಮತ ಹಾಕಿದರು. ಆದರೂ 2024ರಲ್ಲಿ ಟ್ರಂಪ್ ಮತ್ತೆ ಗೆದ್ದರು. ಮಹಿಳೆಯರೆಲ್ಲ ಒಂದೇ ಕಡೆ ಮತ ಹಾಕುತ್ತಾರೆ ಎಂಬ ಎಣಿಕೆ ಎಲ್ಲೂ ನಿಜವಾಗಿಲ್ಲ. ಬಿಳಿಯ ಮಹಿಳೆಯರಲ್ಲಿ ದೊಡ್ಡ ಪಾಲು ಪ್ರತಿಸಲವೂ ಟ್ರಂಪ್ ಜೊತೆಗಿತ್ತು.

ಬ್ರೆಜಿಲಿನಲ್ಲಿ 2018ರ ಸೆಪ್ಟೆಂಬರ್ 29ರಂದು ಮಹಿಳೆಯರು ಅವನು ಬೇಡ ಎಂಬ ಘೋಷಣೆಯೊಂದಿಗೆ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಜೈರ್ ಬೊಲ್ಸೊನಾರೊ ವಿರುದ್ಧ ನೂರಾರು ಊರುಗಳಲ್ಲಿ ಸೇರಿದರು. ಅದೇ ವರ್ಷದ ಮಾರ್ಚ್‌ನಲ್ಲಿ ರಿಯೊ ನಗರಸಭೆಯ ಕಪ್ಪು ಸದಸ್ಯೆ ಮಾರಿಯೆಲ್ ಫ್ರಾಂಕೊ ಅವರ ಹತ್ಯೆಯಾಗಿತ್ತು. ಅಕ್ಟೋಬರ್‌ನಲ್ಲಿ ಬೊಲ್ಸೊನಾರೊ ಶೇ. 55ರಷ್ಟು ಮತ ಪಡೆದು ಗೆದ್ದರು. 2022ರಲ್ಲಿ ಕೂದಲೆಳೆಯ ಅಂತರದಿಂದ ಸೋತರು. ಒಬ್ಬ ವ್ಯಕ್ತಿಯನ್ನೇ ಗುರಿಮಾಡಿದ ಘೋಷಣೆ ಅವನನ್ನೇ ಚರ್ಚೆಯ ಕೇಂದ್ರದಲ್ಲಿ ನಿಲ್ಲಿಸಿತೇ ಎಂಬ ವಾದ ಅಲ್ಲಿನ ಚಳವಳಿಯೊಳಗೆ ಬಹಳ ಕಾಲ ನಡೆಯಿತು.

ಅರ್ಜೆಂಟೀನಾದ್ದು ಉಲ್ಟಾ ದಿಕ್ಕಿನ ಪಯಣ. ಸ್ತ್ರೀಹತ್ಯೆಗಳ ವಿರುದ್ಧ 2015ರ ಜೂನ್ 3ರಂದು ಹುಟ್ಟಿದ ಚಳವಳಿ ಹಸಿರು ಕೊರಳವಸ್ತ್ರದ ಹೋರಾಟಕ್ಕೆ ಬಲ ತುಂಬಿ, 2020ರ ಡಿಸೆಂಬರ್ 30ರಂದು ಗರ್ಭಪಾತದ ಹಕ್ಕನ್ನು ಗೆದ್ದಿತು. 2023ರ ಡಿಸೆಂಬರ್‌ನಲ್ಲಿ ಅಧಿಕಾರಕ್ಕೆ ಬಂದ ಹವಿಯರ್ ಮಿಲೇ ಮಾಡಿದ ಮೊದಲ ಕೆಲಸಗಳಲ್ಲಿ ಮಹಿಳಾ ಸಚಿವಾಲಯವನ್ನು ರದ್ದು ಮಾಡಿದ್ದೂ ಒಂದು. ದಕ್ಷಿಣ ಕೊರಿಯಾದಲ್ಲಿ ಲಿಂಗಸಮಾನತೆಯ ಸಚಿವಾಲಯ ಮುಚ್ಚುವ ಭರವಸೆ ಕೊಟ್ಟು, ಯುವಕರ ಮತ ಸೆಳೆದು 2022ರಲ್ಲಿ ಗೆದ್ದ ಯೂನ್ ಸುಕ್ ಯೋಲ್, 2024ರ ಡಿಸೆಂಬರ್‌ನಲ್ಲಿ ಸೈನಿಕ ಕಾನೂನು ಹೇರಲು ಹೋಗಿ ಮುಗ್ಗರಿಸಿದರು. ಅವರ ವಿರುದ್ಧದ ರಾತ್ರಿ ಸಭೆಗಳಲ್ಲಿ ಸಂಗೀತ ಕಾರ್ಯಕ್ರಮಗಳಲ್ಲಿ ಬೀಸುವ ಬಣ್ಣದ ದೀಪದ ಕೋಲು ಹಿಡಿದು ನಿಂತವರಲ್ಲಿ ಎದ್ದು ಕಂಡವರು ಯುವತಿಯರೇ.

ನಾಯಕಿ ಹೆಣ್ಣಾಗಿದ್ದರೆ

ಹೆಣ್ಣು ಅಧಿಕಾರಕ್ಕೆ ಬಂದರೆ ಈ ಪ್ರಶ್ನೆ ತಾನಾಗಿ ಬಗೆಹರಿಯುವುದಿಲ್ಲವೇ? ಇಟಲಿಗೆ 2022ರಲ್ಲಿ ಮೊದಲ ಮಹಿಳಾ ಪ್ರಧಾನಿಯಾಗಿ ಬಂದ ಜಾರ್ಜಿಯಾ ಮೆಲೋನಿಯವರು ಸಾಂಪ್ರದಾಯಿಕ ಕುಟುಂಬದ ರಾಜಕಾರಣವನ್ನೇ ಮುಂದಿಟ್ಟವರು. ನಮ್ಮಲ್ಲಿ ಇದಕ್ಕಿಂತ ಹಳೆಯ ಅನುಭವವಿದೆ. ಇಂದಿರಾ ಗಾಂಧಿಯವರು ಗರೀಬಿ ಹಟಾವೊ ಎಂದು 1971ರಲ್ಲಿ ಭಾರಿ ಬಹುಮತ ಪಡೆದರು. 1972-73ರಲ್ಲಿ ಬೆಲೆಗಳು ಏರಿದಾಗ ಮುಂಬೈಯಲ್ಲಿ ಮೃಣಾಲ್ ಗೋರೆ, ಅಹಲ್ಯಾ ರಾಂಗಣೇಕರ್ ಮುಂತಾದವರ ಮುಂದಾಳತ್ವದಲ್ಲಿ ಗೃಹಿಣಿಯರು ಲಟ್ಟಣಿಗೆಯಿಂದ ತಾಟು ಬಡಿಯುತ್ತ ಬೀದಿಗೆ ಬಂದರು. ಚಪಾತಿ ಲಟ್ಟಿಸುವ ಸಾಮಾನು ಮೋರ್ಚಾದ ಸಾಮಾನಾದದ್ದು ಆಗಲೇ. 1975ರಲ್ಲಿ ತುರ್ತುಪರಿಸ್ಥಿತಿ ಬಂದ ಮೇಲೆ ಗೋರೆಯವರೂ ಸೆರೆಯಾದರು. ಬೆಂಗಳೂರಿನ ಸೆರೆಮನೆಯಲ್ಲಿದ್ದ ನಟಿ ಸ್ನೇಹಲತಾ ರೆಡ್ಡಿಯವರು ಅಸ್ತಮಾದಿಂದ ನರಳಿ, ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಪಿತೃಪ್ರಧಾನ ಅಧಿಕಾರ ನಡೆಸಲು ಗಂಡಸೇ ಆಗಬೇಕೆಂದಿಲ್ಲ.

ಬೇಡಿಕೆಯನ್ನು ನಾಯಕನೇ ಎತ್ತಿಕೊಂಡಾಗ

ವಿರೋಧಕ್ಕಿಂತ ಕಷ್ಟದ ಪರಿಸ್ಥಿತಿ ಇನ್ನೊಂದಿದೆ: ಚಳವಳಿಯ ಬೇಡಿಕೆಯನ್ನೇ ನಾಯಕ ತನ್ನದಾಗಿ ಮಾಡಿಕೊಳ್ಳುವುದು. ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ, ಅಕ್ಷರ ಕಲಿಯಲು ಸಂಜೆ ತರಗತಿಗೆ ಸೇರುತ್ತಿದ್ದ ಹೆಂಗಸರು 1992ರಲ್ಲಿ ಸಾರಾಯಿ ಅಂಗಡಿಗಳನ್ನು ಮುಚ್ಚಿಸತೊಡಗಿದರು. ಹೋರಾಟ ರಾಜ್ಯಕ್ಕೆಲ್ಲ ಹರಡಿತು. ಎನ್.ಟಿ. ರಾಮರಾವ್ ಅವರು ಪಾನನಿಷೇಧದ ಭರವಸೆ ಕೊಟ್ಟು 1994ರ ಚುನಾವಣೆ ಗೆದ್ದು, 1995ರ ಜನವರಿಯಲ್ಲಿ ಸಂಪೂರ್ಣ ನಿಷೇಧ ಜಾರಿ ಮಾಡಿದರು. 1997ರಲ್ಲಿ ಅವರ ಪಕ್ಷದ ಸರ್ಕಾರವೇ ಆದಾಯದ ಕಾರಣ ಹೇಳಿ ಅದನ್ನು ಸಡಿಲಿಸಿತು. ಕೊಟ್ಟವರು ಹಿಂದಕ್ಕೆ ಪಡೆಯುವಾಗ ಕೇಳಿದವರನ್ನು ಕೇಳಲಿಲ್ಲ. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಂತಿತು, ಉಳಿದ ಮದ್ಯ ನಿಲ್ಲಲಿಲ್ಲ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹಳ್ಳಿಯ ಹೆಂಗಸರು ಪಾದಯಾತ್ರೆ ಮಾಡಿದ್ದು ಆ ಉಳಿದದ್ದಕ್ಕಾಗಿ.

ಗೃಹಲಕ್ಷ್ಮಿ ಮತ್ತು ಶಕ್ತಿ ಯೋಜನೆಗಳ ಪ್ರಶ್ನೆಯೂ ಇಲ್ಲಿಯೇ ಬರುತ್ತದೆ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ, ಆಗಸ್ಟ್ 30ರಂದು ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಆರಂಭವಾದವು. ಬಂಗಾಳದಲ್ಲಿ 2021ರಿಂದ, ತಮಿಳುನಾಡು ಮತ್ತು ಮಧ್ಯಪ್ರದೇಶಗಳಲ್ಲಿ 2023ರಿಂದ, ಮಹಾರಾಷ್ಟ್ರದಲ್ಲಿ 2024ರಿಂದ ಇಂಥ ಯೋಜನೆಗಳಿವೆ. ಅವನ್ನು ತಂದ ಪಕ್ಷಗಳು ಬೇರೆ ಬೇರೆ. ಆದ್ದರಿಂದ ಇದು ಒಂದು ಪಕ್ಷದ ಗುಣ ಅಲ್ಲ, ಕಾಲದ ಗುಣ. 2019ರ ಲೋಕಸಭಾ ಚುನಾವಣೆಯಲ್ಲಿ ಮಹಿಳೆಯರ ಮತದಾನದ ಪ್ರಮಾಣ ಮೊದಲ ಬಾರಿಗೆ ಪುರುಷರದನ್ನು ತುಸು ಮೀರಿತು ಎಂಬುದನ್ನು ಎಲ್ಲ ಪಕ್ಷಗಳೂ ನೋಡಿವೆ.

ಈ ಯೋಜನೆಗಳ ಬಗ್ಗೆ ಸ್ತ್ರೀವಾದಿಗಳಲ್ಲಿ ಒಮ್ಮತವಿಲ್ಲ. ಮನೆಗೆಲಸಕ್ಕೆ ಯಾರೂ ಕೂಲಿ ಕೊಡದ ದೇಶದಲ್ಲಿ ಹೆಣ್ಣಿನ ಹೆಸರಿನ ಖಾತೆಗೆ ನೇರ ಹಣ ಬರುವುದು ದೊಡ್ಡ ಬದಲಾವಣೆ ಎನ್ನುವವರಿದ್ದಾರೆ. ಕುಂದಗೋಳ, ನವಲಗುಂದ, ಕಲಘಟಗಿಗಳಿಂದ ಹುಬ್ಬಳ್ಳಿಗೆ ಕಾಯಿಪಲ್ಲೆ ಬುಟ್ಟಿ ಹೊತ್ತು ಬರುವವಳಿಗೆ, ಧಾರವಾಡದ ಕಾಲೇಜಿಗೆ ಬರುವ ಹುಡುಗಿಗೆ, ಬಸ್ ಚಾರ್ಜು ಉಳಿದರೆ ಗಂಡನನ್ನೋ ಅಪ್ಪನನ್ನೋ ಕೇಳುವ ಕೆಲಸ ಒಂದು ಕಡಿಮೆ. ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಬರುವ ಹೆಂಗಸರನ್ನು ನೋಡಿ ಬಸ್ಸಿನಲ್ಲಿ ಗಂಡಸರು ಆಡಿದ ನಗೆಮಾತುಗಳೇ, ಹೆಣ್ಣು ತನ್ನ ಮನಸ್ಸಿಗೆ ಬಂದಾಗ ಮನೆಯಿಂದ ಹೊರಡುವುದು ಇನ್ನೂ ಎಷ್ಟು ಹೊಸದು ಎಂಬುದಕ್ಕೆ ಸಾಕ್ಷಿ. ಇನ್ನೊಂದು ಗುಂಪಿನ ವಾದ ಹೀಗಿದೆ: ಹಣದ ಜೊತೆ ನಾಯಕನ ಚಿತ್ರವೂ ಬರುವಾಗ ಅದು ಋಣವಾಗುತ್ತದೆ, ಕಂತು ನಿಂತರೆ ಕೇಳಲು ಬಾಯಿ ಬರುವುದಿಲ್ಲ, ಅಂಗನವಾಡಿ, ಶಾಲೆ, ಆಸ್ಪತ್ರೆ, ಕೂಲಿಯ ದರ ಇವುಗಳ ಪ್ರಶ್ನೆ ಹಿಂದೆ ಸರಿಯುತ್ತದೆ. ಜೊತೆಗೆ, ಹೆಣ್ಣಿಗೆ ಹಣ ಬರುವುದು ಯಜಮಾನಿ ಎಂಬ ಸ್ಥಾನದ ಮೂಲಕ. ರೇಷನ್ ಕಾರ್ಡಿನಲ್ಲಿ ಹೆಸರು ಮೊದಲಿರುವುದು ಅತ್ತೆಯದೋ ಸೊಸೆಯದೋ ಎಂಬ ಜಗಳ 2023ರಲ್ಲಿ ಎಷ್ಟೋ ಮನೆಗಳಲ್ಲಿ ನಡೆದದ್ದು ಆ ಕಾರಣಕ್ಕೇ.

ನನ್ನ ಮಟ್ಟಿಗೆ ಎರಡನೆಯ ವಾದ ಯೋಜನೆಯ ದೋಷವನ್ನು ಸರಿಯಾಗಿ ಗುರುತಿಸಿದರೂ, ಅದನ್ನು ಪಡೆಯುವ ಹೆಣ್ಣಿನ ಜಾಣತನವನ್ನು ಕಡಿಮೆ ಎಣಿಸುತ್ತದೆ. ಕಂತು ತಡವಾದಾಗ ಗ್ರಾಮ ಒನ್ ಕೇಂದ್ರದ ಮುಂದೆ ಪಾಸ್‌ಬುಕ್ ಹಿಡಿದು ನಿಂತು, ಯಾವ ತಿಂಗಳದು ಬಂದಿಲ್ಲ ಎಂದು ಬೆರಳು ಮಡಚಿ ಎಣಿಸಿ ಹೇಳುವವಳು ಅದನ್ನು ದಾನವೆಂದು ತಿಳಿದಂತೆ ಕಾಣುವುದಿಲ್ಲ.

ರಕ್ಷಣೆಯ ಮಾತು ಮತ್ತು ಹುಬ್ಬಳ್ಳಿ

ಉಡುಗೊರೆಯಂತೆಯೇ ಹಿರಿಯಣ್ಣನ ಇನ್ನೊಂದು ಕೆಲಸ ರಕ್ಷಣೆ. 2009ರ ಜನವರಿ 24ರಂದು ಮಂಗಳೂರಿನ ಪಬ್ಬೊಂದಕ್ಕೆ ನುಗ್ಗಿದ ಗುಂಪು, ಸಂಸ್ಕೃತಿಯ ರಕ್ಷಣೆ ಎಂಬ ಹೆಸರಿನಲ್ಲಿ ಯುವತಿಯರನ್ನು ಎಳೆದಾಡಿ ಹೊಡೆಯಿತು. ಶ್ರೀರಾಮ ಸೇನೆಯ ಹೆಸರು ಕೇಳಿಬಂದ ಈ ಪ್ರಕರಣದ ನಂತರ, ಪ್ರೇಮಿಗಳ ದಿನದಂದು ಜೋಡಿಗಳನ್ನು ಹಿಡಿದು ಮದುವೆ ಮಾಡಿಸುವ ಬೆದರಿಕೆಯೂ ಬಂದಾಗ, ಮಹಿಳೆಯರ ಗುಂಪೊಂದು ಫೇಸ್‌ಬುಕ್ ಮೂಲಕ ಕರೆ ಕೊಟ್ಟಿತು: ಗುಲಾಬಿ ಬಣ್ಣದ ಚಡ್ಡಿಗಳನ್ನು ಆ ಸಂಘಟನೆಯ ಹುಬ್ಬಳ್ಳಿ ಕಚೇರಿಗೆ ಅಂಚೆಯಲ್ಲಿ ಕಳುಹಿಸಿ. ಹೀಗೆ ಸಾಮಾಜಿಕ ಜಾಲತಾಣದಲ್ಲಿ ಹುಟ್ಟಿದ ದೇಶದ ಮೊದಮೊದಲ ಸ್ತ್ರೀವಾದಿ ಅಭಿಯಾನಗಳಲ್ಲಿ ಒಂದರ ವಿಳಾಸ ಹುಬ್ಬಳ್ಳಿಯದಾಯಿತು. ನಗೆಯಿಂದ ಭಯವನ್ನು ಕುಗ್ಗಿಸಿದರು ಎಂದು ಮೆಚ್ಚಿದವರೂ, ನಗರದ ಇಂಗ್ಲಿಷ್ ಬಲ್ಲವರ ತಮಾಷೆ ಹಳ್ಳಿಯ ಹೆಣ್ಣಿಗೆ ಏನು ಮಾಡೀತು ಎಂದು ಕೇಳಿದವರೂ ಇದ್ದರು. ಪಬ್ ದಾಳಿಯ ಆರೋಪಿಗಳು 2018ರಲ್ಲಿ ನ್ಯಾಯಾಲಯದಿಂದ ಖುಲಾಸೆಯಾದರು.

2024ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ, ಲೋಕಸಭಾ ಚುನಾವಣೆಯ ಹೊತ್ತಿನಲ್ಲಿಯೇ, ಹುಬ್ಬಳ್ಳಿಯಲ್ಲಿ ಇಬ್ಬರು ಯುವತಿಯರ ಕೊಲೆಯಾಯಿತು; ಒಬ್ಬಳದು ಕಾಲೇಜಿನ ಆವರಣದಲ್ಲಿ, ಇನ್ನೊಬ್ಬಳದು ಅವಳ ಮನೆಯೊಳಗೆ. ಎರಡೂ ಕಡೆ ಕೊಂದ ಆರೋಪ ಬಂದದ್ದು ಪರಿಚಯದ ಯುವಕನ ಮೇಲೆ. ಮೊದಲ ಪ್ರಕರಣದಲ್ಲಿ ಆರೋಪಿಯ ಧರ್ಮ ಬೇರೆಯಾಗಿದ್ದುದರಿಂದ ಅದು ಚುನಾವಣೆಯ ಪ್ರಚಾರದ ವಸ್ತುವಾಗಿ ದೆಹಲಿಯ ನಾಯಕರವರೆಗೆ ತಲುಪಿತು. ಎರಡನೆಯದರಲ್ಲಿ, ಬೆದರಿಕೆ ಇರುವುದನ್ನು ಮುಂಚೆಯೇ ತಿಳಿಸಿದರೂ ಪೊಲೀಸರು ಲಕ್ಷ್ಯ ಕೊಡಲಿಲ್ಲ ಎಂದು ಕುಟುಂಬ ದೂರಿತು. ಪೊಲೀಸ್ ಸಿಬ್ಬಂದಿಯ ಅಮಾನತೂ ಆಯಿತು.

ರಕ್ಷಣೆಯ ರಾಜಕಾರಣವು ಕೊಂದವನು ಯಾರ ಕಡೆಯವನು ಎಂಬ ಪ್ರಶ್ನೆಯಿಂದ ಶುರುವಾಗುತ್ತದೆ, ಏಕೆಂದರೆ ಅದಕ್ಕೆ ನಮ್ಮ ಮನೆಯ ಹೆಣ್ಣು, ಹೊರಗಿನ ಗಂಡು ಎಂಬ ಎಣಿಕೆ ಬೇಕು. ಮಹಿಳಾ ಚಳವಳಿ ಕೇಳುವ ಪ್ರಶ್ನೆಗಳು ಬೇರೆ: ಒಲ್ಲೆ ಎಂದ ಹುಡುಗಿಯ ಮಾತಿಗೆ ಬೆಲೆ ಏಕಿಲ್ಲ, ಅವಳು ದೂರು ಕೊಡಲು ಹೋದಾಗ ಠಾಣೆಯಲ್ಲಿ ಏನು ನಡೆಯಿತು, ಕೊಲೆಯಾದ ಮೇಲೆ ಊರಿನ ಉಳಿದ ಹುಡುಗಿಯರ ಓದು ನಿಲ್ಲದಂತೆ ಯಾರು ನೋಡಿಕೊಳ್ಳುತ್ತಾರೆ. ಈ ಪ್ರಶ್ನೆಗಳಿಗೆ ಆರೋಪಿಯ ಧರ್ಮವಾಗಲಿ, ಪಕ್ಷವಾಗಲಿ ಲೆಕ್ಕಕ್ಕಿಲ್ಲ. ಅದೇ ವರ್ಷ ಹಾಸನದ ಆಗಿನ ಸಂಸದನ ಮೇಲೆ ಲೈಂಗಿಕ ದೌರ್ಜನ್ಯದ ಆರೋಪಗಳು ಬಂದಾಗ, ರಾಜ್ಯದ ಮಹಿಳಾ ಸಂಘಟನೆಗಳು ಮೇ 30ರಂದು ಹಾಸನ ಚಲೋ ನಡೆಸಿ, ಆರೋಪಿಯ ಬಂಧನದ ಜೊತೆಗೆ ಸಂತ್ರಸ್ತೆಯರ ಗುರುತು ಬಯಲಾಗದಂತೆ ಕಾಪಾಡಬೇಕೆಂದೂ ಕೇಳಿದವು. 2025ರ ಆಗಸ್ಟ್‌ನಲ್ಲಿ ಒಂದು ಪ್ರಕರಣದಲ್ಲಿ ಆ ಮಾಜಿ ಸಂಸದನಿಗೆ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು.

ಕುರ್ಚಿಯ ಪ್ರಶ್ನೆ

ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮೂರನೇ ಒಂದು ಭಾಗ ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಡುವ ಸಂವಿಧಾನದ 106ನೇ ತಿದ್ದುಪಡಿಗೆ 2023ರ ಸೆಪ್ಟೆಂಬರ್‌ನಲ್ಲಿ ಅಂಕಿತ ಬಿದ್ದಿತು. ಮುಂದಿನ ಜನಗಣತಿ ಮುಗಿದು, ಕ್ಷೇತ್ರಗಳ ಮರುವಿಂಗಡಣೆಯಾದ ಮೇಲೆ ಅದು ಜಾರಿಯಾಗಬೇಕು ಎಂಬ ಷರತ್ತನ್ನು ಕಾಯ್ದೆಯಲ್ಲಿಯೇ ಸೇರಿಸಲಾಯಿತು. ಕೊಡುವುದು ಖಚಿತ, ದಿನ ಮಾತ್ರ ಅನಿಶ್ಚಿತ ಎಂಬ ಈ ಏರ್ಪಾಡನ್ನು ಮಹಿಳಾ ಸಂಘಟನೆಗಳು ಆಗಲೇ ಪ್ರಶ್ನಿಸಿದವು. 2023ರಲ್ಲಿ ಕರ್ನಾಟಕದ 224 ಶಾಸಕರಲ್ಲಿ ಗೆದ್ದ ಮಹಿಳೆಯರು 10. 2024ರಲ್ಲಿ ರಾಜ್ಯದ 28 ಸಂಸದರಲ್ಲಿ 3.

ಪಂಚಾಯಿತಿಯ ಅನುಭವ ಇದಕ್ಕಿಂತ ಹಳೆಯದು, ಸಮೃದ್ಧವಾದದ್ದು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಅವರು ರೂಪಿಸಿದ 1983ರ ಕಾಯ್ದೆಯಲ್ಲಿ ಮಹಿಳೆಯರಿಗೆ ಶೇ. 25 ಮೀಸಲಾತಿ ಇತ್ತು. 1987ರ ಚುನಾವಣೆಯಲ್ಲಿ ಅದು ಜಾರಿಗೆ ಬಂದಾಗ ದೇಶದ ಬೇರೆಡೆ ಅಂಥದ್ದು ಅಪರೂಪ. 1993ರ 73ನೇ ತಿದ್ದುಪಡಿಯಿಂದ ದೇಶಕ್ಕೆಲ್ಲ ಮೂರನೇ ಒಂದು ಭಾಗವಾಯಿತು, ರಾಜ್ಯದಲ್ಲಿ ಮುಂದೆ ಶೇ. 50 ಆಯಿತು. ಅಧ್ಯಕ್ಷೆಯ ಬದಲು ಅವಳ ಗಂಡ ಸಭೆಯಲ್ಲಿ ಮಾತಾಡುವುದು, ಬಿಲ್ಲಿನ ಕಡತ ಅವನ ಬೈಕಿನ ಚೀಲದಲ್ಲಿ ಓಡಾಡುವುದು ನಮಗೆಲ್ಲ ಗೊತ್ತಿರುವ ಸಂಗತಿ. ಆದರೆ ಮೊದಲ ಅವಧಿಯಲ್ಲಿ ಸಹಿಯಷ್ಟೇ ಹಾಕಿದವಳು ಎರಡನೆಯ ಅವಧಿಯಲ್ಲಿ ಓದಿ ಸಹಿ ಹಾಕಿದ, ಮಹಿಳಾ ಗ್ರಾಮಸಭೆ ಕರೆದು ಕುಡಿಯುವ ನೀರಿನ ಲೆಕ್ಕ ಕೇಳಿದ ಉದಾಹರಣೆಗಳೂ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಕಡಿಮೆಯಿಲ್ಲ. ಬೀದಿಯ ಪ್ರತಿಭಟನೆಗಳಷ್ಟು ಸದ್ದು ಮಾಡದ ಈ ಕೆಲಸವನ್ನೂ ಚಳವಳಿಯ ಲೆಕ್ಕಕ್ಕೆ ಸೇರಿಸಬೇಕು.

ಅದಕ್ಕಾಗಿಯೇ ಚುನಾವಣೆ ನಡೆಯದಿರುವುದು ಕೂಡ ಮಹಿಳಾ ಪ್ರಶ್ನೆಯಾಗುತ್ತದೆ. ಕರ್ನಾಟಕದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯದ ಮೊಕದ್ದಮೆಗಳ ಕಾರಣದಿಂದ, ಸರ್ಕಾರಗಳು ಬದಲಾದರೂ, ವರ್ಷಗಟ್ಟಲೆ ಹೊಸ ಚುನಾವಣೆ ನಡೆಯಲಿಲ್ಲ. ಆ ವರ್ಷಗಳಲ್ಲಿ ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲಾ ಪಂಚಾಯಿತಿಗಳನ್ನು ಅಧಿಕಾರಿಗಳು ನಡೆಸಿದರು, ಮಹಿಳೆಯರಿಗೆ ಕಾಯ್ದೆಯಂತೆ ಸಲ್ಲಬೇಕಾದ ಅರ್ಧದಷ್ಟು ಸ್ಥಾನಗಳಲ್ಲಿ ಒಂದರಲ್ಲೂ ಯಾರೂ ಇರಲಿಲ್ಲ.